ನುಗ್ಗೇಹಳ್ಳಿ: 1246ರ ಗುಡಿಯನ್ನು ಕಂಪ್ಯೂಟರಿನಲ್ಲಿ ಮರಳಿ ಕಟ್ಟುವುದು

ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿರುವ ನುಗ್ಗೇಹಳ್ಳಿಗೆ ಹಿಂದೆ ವಿಜಯ ಸೋಮನಾಥಪುರ ಎಂಬ ಹೆಸರಿತ್ತು. ಹೊಯ್ಸಳ ದೊರೆ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಇಲ್ಲಿ 1246ರಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನೂ 1249ರಲ್ಲಿ ಸದಾಶಿವ ದೇವಾಲಯವನ್ನೂ ಕಟ್ಟಿಸಿದ. ಆದರೆ ಲಕ್ಷ್ಮೀನರಸಿಂಹನ ಗುಡಿಯ ಮುಂದೆ ನಿಂತವರಿಗೆ ಮೊದಲು ಎದುರಾಗುವುದು ಬೊಮ್ಮಣ್ಣನ ಕಟ್ಟಡವಲ್ಲ, ನಂತರದ ಕಾಲದಲ್ಲಿ ಸೇರಿಸಿದ ಅಗಲವಾದ ಕಂಬದ ಮಂಟಪ. ಒಂದು ಕಲ್ಲನ್ನೂ ಅಲುಗಿಸದೆ ಈ ಮರೆಯನ್ನು ಸರಿಸಿ ಮೂಲರೂಪವನ್ನು ನೋಡಲು ಈಗಿರುವ ದಾರಿ ಡಿಜಿಟಲ್ ಪುನರ್ರಚನೆ.

ಮೊದಲ ಹಂತ ಅಳತೆ. ಲೇಸರ್ ಸ್ಕ್ಯಾನರ್ ಕಲ್ಲಿನ ಮೈಮೇಲಿನ ಲಕ್ಷಾಂತರ ಬಿಂದುಗಳ ದೂರವನ್ನು ದಾಖಲಿಸುತ್ತದೆ. ಫೋಟೋಗ್ರಾಮೆಟ್ರಿಯಲ್ಲಿ ಒಂದರ ಭಾಗ ಇನ್ನೊಂದರಲ್ಲೂ ಬರುವಂತೆ ತೆಗೆದ ನೂರಾರು ಛಾಯಾಚಿತ್ರಗಳಿಂದ ಮೂರು ಆಯಾಮದ ಮಾದರಿ ಮೂಡುತ್ತದೆ. ಇಷ್ಟು ಯಂತ್ರದ ಕೆಲಸ. ಯಾವ ಕಲ್ಲು ಯಾವ ಕಾಲದ್ದು ಎಂಬುದನ್ನು ಮಾತ್ರ ವಾಸ್ತು ಬಲ್ಲ ಕಣ್ಣೇ ಹೇಳಬೇಕು.

ನುಗ್ಗೇಹಳ್ಳಿಯ ಹೊರಗೋಡೆ ಈ ವಿಷಯದಲ್ಲಿ ಉದಾರವಾಗಿದೆ. ಬುಡದಲ್ಲಿ ಆನೆ, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂದು ಆರು ಪಟ್ಟಿಕೆಗಳು ಸಾಗುತ್ತವೆ. ಬಳಪದ ಕಲ್ಲಿನಲ್ಲಿ ಹೀಗೆ ಹರಿಯುವ ಪಟ್ಟಿಕೆ ಎಲ್ಲಿ ಥಟ್ಟನೆ ತುಂಡಾಗುತ್ತದೋ ಅಲ್ಲಿ ನಂತರದವರ ಬೆಸುಗೆಯನ್ನು ಶಂಕಿಸಬೇಕು. ಶಿಲ್ಪಿಗಳ ರುಜುಗಳೂ ನೆರವಿಗಿವೆ: ದಕ್ಷಿಣದ ಮೂರ್ತಿಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಗೋಡೆಯ ಯಾವ ಪಾಲು ಯಾರ ಕೈಯದೆಂದು ಗೊತ್ತಿರುವ ಗುಡಿಗಳು ಎಷ್ಟಿವೆ?

ಎಡವುವ ಜಾಗವೂ ಇಲ್ಲೇ ಇದೆ. ಇದು ಮೂರು ಗರ್ಭಗುಡಿಗಳ ತ್ರಿಕೂಟ: ನಡುವೆ ಕೇಶವ, ಇಕ್ಕೆಲಗಳಲ್ಲಿ ನರಸಿಂಹ ಮತ್ತು ವೇಣುಗೋಪಾಲ. ಮೂರು ಶಿಖರಗಳಿರುವ, ಬೇರೆಯೇ ಊರಾದ ಸೋಮನಾಥಪುರದ ಹೊಯ್ಸಳ ಗುಡಿಯನ್ನು ಕಂಡವರು ಮೂರು ಗರ್ಭಗುಡಿಗೂ ಶಿಖರ ಇದ್ದಿರಬೇಕೆಂದು ಊಹಿಸುವುದು ಸಹಜ. ಇಲ್ಲಿ ಶಿಖರವೂ ಅದರ ಮುಂಚಾಚಾದ ಶುಕನಾಸಿಯೂ ಇರುವುದು ನಡುವಿನದಕ್ಕೆ ಮಾತ್ರ. ಪಕ್ಕದ ಎರಡು ಗುಡಿಗಳು ಹೊರಗಿನಿಂದ ಗೋಡೆಯ ಚಾಚಿನಂತಷ್ಟೇ ಕಾಣುತ್ತವೆ. ಅಂದಕ್ಕೆಂದು ಇನ್ನೆರಡು ಶಿಖರ ಏರಿಸಿದರೆ ಹೊಯ್ಸಳರು ಕಟ್ಟದ ಗುಡಿಯನ್ನು ನಾವು ಕಟ್ಟಿದಂತಾಗುತ್ತದೆ.

ಆ ಒಂದು ಶಿಖರದ ಬೆಲೆ ಈ ಊರಿಗಷ್ಟೇ ಸೀಮಿತವಲ್ಲ. 1117ರ ಬೇಲೂರಿನ ಚೆನ್ನಕೇಶವನ ಶಿಖರವನ್ನು ಕೆಳಗಿನ ಕಟ್ಟಡದ ರಕ್ಷಣೆಗಾಗಿ 1879ರಲ್ಲಿ ಇಳಿಸಲಾಯಿತು. ಹಳೇಬೀಡಿನ ಹೊಯ್ಸಳೇಶ್ವರನಿಗೂ ಇಂದು ಶಿಖರವಿಲ್ಲ. ಹೊಯ್ಸಳ ಶಿಖರದಲ್ಲಿ ಪ್ರತಿ ತಲವೂ (ಅಂತಸ್ತೂ) ಕೆಳಗಿನದರ ಮಾದರಿಯನ್ನೇ ಕಿರಿದಾಗಿಸಿ ಮೇಲೇರುತ್ತದೆ. ಆ ಕಿರಿದಾಗುವ ಪ್ರಮಾಣವನ್ನು ನುಗ್ಗೇಹಳ್ಳಿಯಲ್ಲಿ ನಿಖರವಾಗಿ ಅಳೆದರೆ ಶಿಖರ ಕಳೆದುಕೊಂಡ ಗುಡಿಗಳ ಬಗ್ಗೆ ಊಹಿಸುವಾಗ ಕೈಗೆ ಆಧಾರವೊಂದು ಸಿಗುತ್ತದೆ. ಆದರೂ ಬೇಲೂರಿನ ತಲೆಯ ಮೇಲೆ ಇದನ್ನೇ ಎತ್ತಿಡುವಂತಿಲ್ಲ: ಎರಡರ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ, ಬೇಲೂರಿನ ಶಿಖರ ಇಟ್ಟಿಗೆ, ಮರ ಬಳಸಿದ ಕಟ್ಟಣೆಯಾಗಿತ್ತು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆ ಹಂಪಿಯನ್ನೇ ಮುಖ್ಯ ಕ್ಷೇತ್ರವಾಗಿಸಿಕೊಂಡಿತ್ತು. ಪರಂಪರೆಯ ಡಿಜಿಟಲ್ ಪುನರ್ರಚನೆಗೆ ಜಾಗತಿಕ ಮಾರ್ಗಸೂಚಿಗಳಾದ ಲಂಡನ್ ಚಾರ್ಟರ್ (2006) ಮತ್ತು ಸೆವಿಲ್ ತತ್ವಗಳು (2011) ಹೇಳುವ ನಿಯಮ ನನಗೆ ಎಲ್ಲಕ್ಕಿಂತ ಮುಖ್ಯ: ಮಾದರಿಯಲ್ಲಿ ಯಾವುದು ಉಳಿದ ಕಲ್ಲು, ಯಾವುದು ಹೋಲಿಕೆಯಿಂದ ತಂದದ್ದು, ಯಾವುದು ಬರೀ ಊಹೆ ಎಂಬುದು ನೋಡುಗನಿಗೆ ತಿಳಿಯಬೇಕು. ಹೊಳೆಯುವ ವಿಡಿಯೋಗಳಲ್ಲಿ ಹೆಚ್ಚಾಗಿ ಅಳಿಸಿಹೋಗುವುದು ಈ ಗೆರೆಯೇ. ನಂತರದ ಮಂಟಪವನ್ನು ತೆಗೆದು ತೋರಿಸುವ ಮಾದರಿ ಅದನ್ನು ಪ್ರತ್ಯೇಕ ಪದರವಾಗಿ ಉಳಿಸಿಕೊಳ್ಳಲೂ ಬೇಕು. ಅದೂ ಈ ಗುಡಿಯ ಚರಿತ್ರೆಯೇ.

2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಪಟ್ಟಿಯ ಹೊರಗುಳಿದ ನುಗ್ಗೇಹಳ್ಳಿಯಲ್ಲಿ ಮುಂದಿನ ಯಾವುದೇ ದುರಸ್ತಿಗೆ ಕೈಹಾಕುವ ಮೊದಲು ಶಿಖರವನ್ನೂ ಮಂಟಪದ ಬೆಸುಗೆಯನ್ನೂ ಪೂರ್ಣವಾಗಿ ಸ್ಕ್ಯಾನ್ ಮಾಡಿ, ಆ ದತ್ತಾಂಶವನ್ನು ಈ ಊರಿರುವ ಹಾಸನ ಜಿಲ್ಲೆಯ ವಿದ್ಯಾರ್ಥಿಗಳಿಗೂ ಸಿಗುವಂತೆ ತೆರೆದಿಡಬೇಕು.