ರಾಮನ್ ಪರಿಣಾಮ: ಪಾದರಸದ ದೀಪದಿಂದ ಲೇಸರಿನವರೆಗೆ

ಪ್ರತಿ ಫೆಬ್ರವರಿ 28ರಂದು ಶಾಲೆಗಳಲ್ಲಿ ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಹಾರ ಹಾಕಿ, 1928ರ ಕಲ್ಕತ್ತೆಯ ಕಥೆ ಹೇಳಿ, ಅಲ್ಲಿಗೇ ನಿಲ್ಲಿಸುತ್ತೇವೆ. ಮುಂದಿನ ಕಥೆ ನಮ್ಮ ಬೆಂಗಳೂರಿನದು. ಸಿದ್ಧಾರ್ಥನಗರದ ಮನೆಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ, "ಸರ್, ಲೇಸರಿನಿಂದ ಪ್ರೋಟೀನಿನ ಆಕಾರ ತಿಳಿಯುತ್ತಾರಂತೆ. ಅದಕ್ಕೂ ರಾಮನ್ ಅವರಿಗೂ ಏನು ಸಂಬಂಧ?" ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅಣುವಿನೊಳಗೆ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ. ಆ ಕಂಪನವನ್ನು ಅರಿಯಲು ಎರಡು ದಾರಿಗಳಿವೆ. ಅವಕೆಂಪು ಕಿರಣ ಹಾಯಿಸಿ, ಅಣು ಯಾವ ತರಂಗಗಳನ್ನು ಹೀರಿಕೊಂಡಿತೆಂದು ನೋಡುವುದು ಒಂದು. ಚದುರಿದ ಬೆಳಕಿನ ಬಣ್ಣ ಎಷ್ಟು ಬದಲಾಯಿತೆಂದು ಅಳೆಯುವುದು ಇನ್ನೊಂದು. ಇದು ರಾಮನ್ ತೋರಿದ ದಾರಿ. ಜೈವಿಕ ಅಣುಗಳ ವಿಷಯದಲ್ಲಿ ಮೊದಲ ದಾರಿಗೆ ನೀರೇ ಅಡ್ಡಿ. ಪ್ರೋಟೀನಿನ ಮಡಿಕೆಯ ಮುಖ್ಯ ಸುಳಿವು ಸೆಂಟಿಮೀಟರಿಗೆ 1600ರಿಂದ 1700 ಅಲೆಗಳ ನಡುವೆ ದೊರೆಯುತ್ತದೆ; ನೀರು ಬಲವಾಗಿ ಹೀರುವುದೂ 1640ರ ಆಸುಪಾಸಿನಲ್ಲಿಯೇ! ರಾಮನ್ ಚದುರುವಿಕೆಯಲ್ಲಿ ನೀರಿನ ಗದ್ದಲ ಕಡಿಮೆ. ಆದರೆ ಅಲ್ಲಿ ಸಿಗುವ ಬೆಳಕು ಬಹು ಕ್ಷೀಣ. ಬಣ್ಣ ಬದಲಿಸಿ ಬರುವುದು ಸುಮಾರಾಗಿ ಕೋಟಿಗೊಂದು ಬೆಳಕಿನ ಕಣ ಮಾತ್ರ.

ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಶಿಷ್ಯ ಆರ್.ಎಸ್. ಕೃಷ್ಣನ್ ಮುಂದೆ ಅಲ್ಲಿಯೇ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಕೃಷ್ಣನ್ ಬಳಸಿದ ಉಪಾಯ ನನಗೆ ಬಹಳ ಪ್ರಿಯವಾದುದು. ಪಾದರಸದ ದೀಪದಿಂದ ಬರುವ 2537 ಆಂಗ್‌ಸ್ಟ್ರಾಮ್ ಅತಿನೇರಳೆ ಬೆಳಕನ್ನು ಹರಳಿನ ಮೇಲೆ ಬೀಳಿಸಿ, ಚದುರಿದ ಬೆಳಕಿನ ದಾರಿಯಲ್ಲಿ ಪಾದರಸದ ಆವಿಯನ್ನೇ ಇಡುವುದು. ಬದಲಾಗದ ಬೆಳಕನ್ನು ಆವಿ ನುಂಗುತ್ತದೆ. ಬದಲಾದುದಷ್ಟೇ ಛಾಯಾಫಲಕವನ್ನು ತಲುಪುತ್ತದೆ. ದೀಪವೂ ಪಾದರಸ, ಜರಡಿಯೂ ಪಾದರಸ! ವಿಧಾನ ಮೂಲತಃ ಇಟಲಿಯ ರಾಸೆಟ್ಟಿಯವರದಾದರೂ ಅದು ಪಳಗಿದ್ದು ಬೆಂಗಳೂರಿನಲ್ಲಿ ಎನ್ನಬೇಕು. ಮೊದಲು ವಜ್ರವನ್ನು ಪರೀಕ್ಷಿಸಿದ ಅವರು 1958ರ ಹೊತ್ತಿಗೆ ಗ್ಲೈಸೀನ್ ಹರಳಿಗೆ ಬಂದಿದ್ದರು. ಗ್ಲೈಸೀನ್ ಅಮೈನೋ ಆಮ್ಲಗಳಲ್ಲಿ ಅತ್ಯಂತ ಸರಳವಾದುದು, ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು.

ಇಟ್ಟಿಗೆಯಿಂದ ಕಟ್ಟಡಕ್ಕೆ ಏರಲು ಆ ದೀಪ ಸಾಲದು. 1960ರಲ್ಲಿ ಮೈಮನ್ ಲೇಸರನ್ನು ಬೆಳಗಿಸಿದ ಮೇಲೆ, ಒಂದೇ ಬಣ್ಣದ ಪ್ರಖರ ಬೆಳಕು ಕೈಗೆ ಬಂದು, ನೀರಿನಲ್ಲಿ ಕರಗಿದ ಪ್ರೋಟೀನುಗಳ ರಾಮನ್ ರೋಹಿತವೂ ಸಾಧ್ಯವಾಯಿತು. ಕೃಷ್ಣನ್ ಇದ್ದ ಸಂಸ್ಥೆಯಲ್ಲಿಯೇ ಶಿವ ಉಮಾಪತಿ ಅವರ ತಂಡ ಫೆಮ್ಟೊಸೆಕೆಂಡ್ ಲೇಸರ್ ಮಿನುಗುಗಳನ್ನು ಬಳಸಿ, ಕ್ಷಣಾರ್ಧಕ್ಕಿಂತಲೂ ಎಷ್ಟೋ ಬೇಗ ಅಣುಗಳು ರೂಪ ಬದಲಿಸುವುದನ್ನು ಹಿಡಿಯುವ ರಾಮನ್ ವಿಧಾನವೊಂದನ್ನು ರೂಪಿಸಿತು.

ಅವಕೆಂಪಿನ ದಾರಿಯೂ ಮುಚ್ಚಿಹೋಗಲಿಲ್ಲ. 1994ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ ಹುಟ್ಟಿತು. ಹಿಂದಿನ ಅವಕೆಂಪು ದೀಪಗಳಿಗೆ ದಾಟಲಾಗದಷ್ಟು ದಪ್ಪದ ನೀರಿನ ಪದರವನ್ನು ಅದು ದಾಟಬಲ್ಲದು. 2023ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಫೆರೆಂಕ್ ಕ್ರೌಸ್ ಅವರ ಮ್ಯೂನಿಕ್ ತಂಡ ಇನ್ನೂ ಮುಂದೆ ಹೋಗಿದೆ: ಮನುಷ್ಯರ ರಕ್ತದ ಸೀರಮ್ಮಿಗೆ ಅವಕೆಂಪು ಲೇಸರಿನ ಒಂದು ಮಿನುಗು ಕಳಿಸಿ, ಗಂಟೆ ಹೊಡೆದ ಮೇಲೂ ನಾದ ಉಳಿಯುವಂತೆ, ಮಿನುಗು ಆರಿದ ಮೇಲೂ ಅಣುಗಳು ಹೊಮ್ಮಿಸುವ ಕ್ಷೀಣ ತರಂಗವನ್ನು ದಾಖಲಿಸುತ್ತದೆ.