‘ಸಾವಕಾಶ’ವೂ ವಿಳಂಬವೂ

ತಡವೆಲ್ಲವೂ ಒಂದೇ ಬಗೆಯದಲ್ಲವೆಂಬುದನ್ನು ನುಡಿಯು ಬಲ್ಲುದು. ‘ಹಿಂಜರಿಕೆ’ಯಲ್ಲಿ ಅಂಜಿಕೆಯುಂಟು, ‘ಮೀನಮೇಷ ಎಣಿಸುವುದ’ರಲ್ಲಿ ಲೆಕ್ಕಾಚಾರವುಂಟು. ಹನ್ನೆರಡು ರಾಶಿಗಳಲ್ಲಿ ಮೀನವು ಕಡೆಯದು, ಮೇಷವು ಮೊದಲನೆಯದು. ಇದೇ ಜೋಡಿಯು ಹಿಂದಿಯಲ್ಲಿ ತಪ್ಪು ಹುಡುಕುವುದಕ್ಕೆ ಸಲ್ಲುವುದು. ಕನ್ನಡದಲ್ಲಾದರೋ ಕಾಲವನ್ನೆಣಿಸುತ್ತ ಕಾರ್ಯವನ್ನು ಮುಂದೂಡುವುದಕ್ಕೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕನ್ನಡ ಮರಾಠಿಗಳು ಜೊತೆಯಾಗಿ ಬಾಳಿವೆ. 1686ರಲ್ಲಿ ಅಳಿದ ವಿಜಾಪುರದ ಆದಿಲಶಾಹಿಯು ಇಲ್ಲಿ ಪಾರಸಿಯ ಪ್ರಭಾವವನ್ನೂ ಬಿಟ್ಟುಹೋಯಿತು. ಮರಾಠಿಯ ‘ದಿರಂಗಾಈ’ ಪಾರಸಿಯ ‘ದಿರಂಗ್’ನಿಂದ ಬಂದುದು, ಅದು ಹೊಣೆಗೇಡಿ ವಿಳಂಬವನ್ನು ಹಳಿಯುವ ಮಾತು. ‘ಸಾವಕಾಶ’ವು ಹಾಗಲ್ಲ. ಸಂಸ್ಕೃತದಲ್ಲಿ ‘ಅವಕಾಶದೊಡಗೂಡಿದ’ ಎಂಬರ್ಥವಿದ್ದುದು ಈ ಎರಡು ನುಡಿಗಳಲ್ಲಿಯೂ ‘ಮೆಲ್ಲಗೆ’ ಎಂದಾಯಿತು. ಹೊರಟ ಅತಿಥಿಗೆ ‘ಸಾವಕಾಶ ಹೋಗಿ ಬರ್ರಿ’ ಎಂಬುದು ಅಕ್ಕರೆಯ ಎಚ್ಚರಿಕೆ, ಆಲಸ್ಯದ ಉಪದೇಶವಲ್ಲ. ಇದನ್ನರಿಯದೆ ಸಾವಧಾನಿಯನ್ನು ಸೋಮಾರಿಯೆಂದವನು ನುಡಿಯನ್ನೂ ಜನರನ್ನೂ ತಪ್ಪಾಗಿ ಅಳೆದಂತೆ.