ತೆಂಗಿನ ಸೀಮೆಯ ಊರುಗಳಲ್ಲಿ ಹೊರನಾಡಿನ ಹೂಮರ, ಹೂಗಿಡಗಳು

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಊರುಗಳಲ್ಲಿ ಬೀದಿ, ಶಾಲೆ, ಗುಡಿ, ಬೇಲಿ, ತೋಟಗಳನ್ನು ಆವರಿಸಿರುವ ಪರದೇಶ ಮೂಲದ ಮರಗಿಡಗಳ ಚರಿತ್ರೆ. ಹುಳಿಯಾರಿನ ನೆರೆಯ ಕೆಂಕೆರೆಯಂಥ ಹಳ್ಳಿಯಿಂದ ತಿಪಟೂರು ಪಟ್ಟಣದವರೆಗೆ ಈ ಸೀಮೆಯಲ್ಲಿ ಅಡ್ಡಾಡಿದರೆ ಕಣ್ಣಿಗೆ ಬೀಳುವ ಹೂಗಳಲ್ಲಿ ಹಲವು ಮೆಕ್ಸಿಕೊ, ಬ್ರೆಜಿಲ್, ಮಡಗಾಸ್ಕರ್, ಆಗ್ನೇಯ ಏಷ್ಯಾಗಳಿಂದ ಬಂದವು. ರಾಜರ ತೋಟ, ಕಂಪನಿಯ ವ್ಯಾಪಾರ, ಸರ್ಕಾರದ ನರ್ಸರಿ, ರೈತನ ಬೇಲಿ ಹೀಗೆ ಅವು ಹಿಡಿದ ಹಾದಿಗಳು ಬೇರೆಬೇರೆ. ಊರು ಕೆಲಸ ಕೊಟ್ಟ ಗಿಡಗಳು ಊರಿನವೇ ಆದವು. ಆಳುವವರು ಆತುರದಿಂದ ಹರಡಿದವುಗಳಲ್ಲಿ ಹಲವು ಕಾಡು, ಕೆರೆ, ಗೋಮಾಳಗಳಿಗೆ ಹೊರೆಯಾದವು.

ಹಳೆಯ ವಲಸೆಗಳು

ಬಯಲುಸೀಮೆಯ ರಸ್ತೆಗಳಿಗೆ ತಲೆಮಾರುಗಳಿಂದ ನೆರಳಾಗಿರುವ ಹುಣಸೆಯ ಮೂಲ ಉಷ್ಣವಲಯದ ಆಫ್ರಿಕಾ. ಅದು ಇಲ್ಲಿಗೆ ಬಂದು ಎಷ್ಟೋ ಶತಮಾನಗಳಾಗಿರುವುದರಿಂದ ಯಾರೂ ಅದನ್ನು ಹೊರಗಿನದೆಂದು ಎಣಿಸುವುದಿಲ್ಲ. ಅದೇ ಖಂಡದ ದೊಡ್ಡಹುಣಸೆ, ಅಂದರೆ ಬಾವೊಬಾಬ್, ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೇಮರ ಮಠದಲ್ಲಿಯೂ ವಿಜಯಪುರದಲ್ಲಿಯೂ ಬೃಹದಾಕಾರವಾಗಿ ಬೆಳೆದಿದೆ.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿ, 1510ರಲ್ಲಿ ಗೋವಾ ಪೋರ್ಚುಗೀಸರ ವಶವಾದ ಬಳಿಕ ಅಮೆರಿಕ ಖಂಡಗಳ ಸಸ್ಯಗಳಿಗೆ ಪಶ್ಚಿಮ ಕರಾವಳಿಯ ಬಾಗಿಲು ತೆರೆಯಿತು. ಮೆಣಸಿನಕಾಯಿ, ಸೀಬೆ, ಗೋಡಂಬಿಗಳು ಊಟದ ಎಲೆ ಸೇರಿದವು. ಈ ವಲಸೆಯನ್ನು ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಕೃತಿಯಲ್ಲಿ ಕನ್ನಡಿಗರಿಗೆ ಹೇಳಿದರು. ಹೂಗಿಡಗಳದೂ ಇಂಥದೇ ಕಥೆ. ಆಯುಧಪೂಜೆಗೆ, ದೀಪಾವಳಿಗೆ ಮಾಲೆಗಟ್ಟಲೆ ಬೇಕಾಗುವ ಚೆಂಡುಹೂ ಮೆಕ್ಸಿಕೊದ್ದು. ಹೊತ್ತು ಇಳಿದ ಮೇಲೆ ಹಿತ್ತಿಲಲ್ಲಿ ಅರಳುವ ಸಂಜೆಮಲ್ಲಿಗೆ, ಬೀದಿಬದಿಯ ರತ್ನಗಂಧಿ, ಗುಡಿಯ ಪಕ್ಕದ ದೇವಕಣಗಿಲೆ ಇವೂ ಉಷ್ಣವಲಯದ ಅಮೆರಿಕದವು.

ಬೇಲಿಗೆ ಬಂದವು

ತೆಂಗಿನ ಸಸಿಯನ್ನು ದನಕರುಗಳಿಂದ ಕಾಯಲು ಗಟ್ಟಿ ಬೇಲಿ ಬೇಕು. ಈ ಅಗತ್ಯವೇ ಹಲವು ಪರದೇಶೀ ಗಿಡಗಳನ್ನು ಹಳ್ಳಿಗೆ ಕರೆತಂದಿತು. ಅಮೆರಿಕ ಮೂಲದ ಕತ್ತಾಳೆ ಬೇಲಿಯ ಜೊತೆಗೆ ಹಗ್ಗದ ನಾರನ್ನೂ ಕೊಟ್ಟಿತು. ಸೀಮೆಹುಣಸೆ ಮುಳ್ಳುಬೇಲಿಯಾಗಿ ಬಂದು ಮಕ್ಕಳಿಗೆ ಹಣ್ಣಿನ ಮರವಾಯಿತು.

ಪಾಪಾಸುಕಳ್ಳಿಯ ಕಥೆ ಇವುಗಳಲ್ಲಿ ವಿಚಿತ್ರವಾದದ್ದು. ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳುವನ್ನು ಸಾಕಿ ಲಾಭ ಗಳಿಸುವ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಬ್ರೆಜಿಲ್‌ನಿಂದ ಹುಳು ತರಿಸಿತು. ಬಂದದ್ದು ಬೇಕಾಗಿದ್ದ ಜಾತಿಯಲ್ಲ. ಬಣ್ಣದ ಉದ್ಯಮ ಬೆಳೆಯಲಿಲ್ಲ, ಆದರೆ ಆ ಹುಳು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಬಹಳ ಕಡೆ ಇಲ್ಲವಾಗಿಸಿತು. ಮುಂದೆ ಇನ್ನೊಂದು ಜಾತಿಯ ಕಳ್ಳಿ ದಕ್ಷಿಣ ಭಾರತದ ಹೊಲಮಾಳಗಳನ್ನು ಆಕ್ರಮಿಸಿತು. 1926ರಲ್ಲಿ ಅದಕ್ಕೆಂದೇ ಬೇರೊಂದು ಕೊಚಿನೀಲ್ ಹುಳುವನ್ನು ಬಿಟ್ಟು ಅದನ್ನು ಹತೋಟಿಗೆ ತರಲಾಯಿತು. ಕಳೆಗಿಡವನ್ನು ಕೀಟದಿಂದ ಅಡಗಿಸಿದ ಆರಂಭದ ಪ್ರಯೋಗಗಳಲ್ಲಿ ಇದಕ್ಕೆ ಜಗತ್ತಿನಲ್ಲೇ ಹೆಸರಿದೆ.

ಲಾಲ್‌ಬಾಗ್‌ನ ಪಾತ್ರ

ಅಲಂಕಾರದ ಮರಗಳು ಮೈಸೂರು ಸೀಮೆಗೆ ಹರಡಿದ್ದಕ್ಕೆ ಮುಖ್ಯ ಕಾರಣ ಬೆಂಗಳೂರಿನ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟವನ್ನು ಟಿಪ್ಪು ಸುಲ್ತಾನ್ ಹೊರನಾಡುಗಳಿಂದ ಸಸಿ ತರಿಸಿ ಬೆಳೆಸಿದನು. 1799ರ ನಂತರ ಅದು ಬ್ರಿಟಿಷರ ಕೈಗೆ ಹೋಯಿತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಚಿಕ್ಕನಾಯಕನಹಳ್ಳಿ ಭಾಗದ ತೆಂಗು, ಅಡಿಕೆ ತೋಟಗಳನ್ನು ಕಂಡು ಬರೆದಿದ್ದಾನೆ. ಇಂದು ಇಲ್ಲಿ ಎಲ್ಲೆಲ್ಲೂ ಕಾಣುವ ಗುಲ್‌ಮೊಹರ್‌ಗೆ ಆ ಹೊತ್ತಿಗೆ ಸಸ್ಯಶಾಸ್ತ್ರದ ಹೆಸರೂ ಇರಲಿಲ್ಲ. ಮಡಗಾಸ್ಕರ್‌ನಲ್ಲಿ ಅದನ್ನು ಕಂಡ ಸಸ್ಯಶಾಸ್ತ್ರಜ್ಞ ವೆನ್ಸೆಸ್ಲಾಸ್ ಬೋಯರ್ 1820ರ ದಶಕದ ಕೊನೆಯಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದ. ಮಾರಿಷಸ್ ಮೂಲಕ ಅದು ಭಾರತಕ್ಕೆ ಬಂದಿತು.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ನ್ಯೂ, ಅನಂತರ 1874ರಿಂದ ಜಾನ್ ಕ್ಯಾಮರಾನ್ ಇದರ ಹೊಣೆ ಹೊತ್ತರು. ಸೀಮೆಬದನೆಯನ್ನು ಇಲ್ಲಿ ರೂಢಿಗೆ ತಂದ ಕೀರ್ತಿ ಕ್ಯಾಮರಾನ್‌ನದು. 1908ರಿಂದ 1932ರವರೆಗೆ ಅಧಿಕಾರದಲ್ಲಿದ್ದ ಜರ್ಮನಿಯ ಗುಸ್ಟಾವ್ ಹರ್ಮನ್ ಕ್ರುಂಬಿಗೆಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ರಸ್ತೆಯ ಮರಗಳನ್ನು ಆರಿಸುವ ಪದ್ಧತಿ ತಂದರು. ಟಬೂಬಿಯ, ಜಕರಂಡ, ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೋಫೋರಂಗಳು ಹೀಗೆ ವರ್ಷವಿಡೀ ಸಾಲುಗಟ್ಟಿ ಅರಳತೊಡಗಿದವು.

ಈ ಸಸಿಗಳು ಸಣ್ಣ ಊರುಗಳನ್ನು ತಲುಪಲು ಇನ್ನಷ್ಟು ಕಾಲ ಹಿಡಿಯಿತು. 1950ರಲ್ಲಿ ಅಂದಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿ ದೇಶದಾದ್ಯಂತ ಆರಂಭಿಸಿದ ವನಮಹೋತ್ಸವ ಶಾಲೆ, ಕಚೇರಿಗಳ ಅಂಗಳಗಳಿಗೆ ಸಸಿ ತಂದಿತು. ತೋಟಗಾರಿಕೆ ನಿರ್ದೇಶಕರಾಗಿದ್ದ ಎಂ.ಎಚ್. ಮರೀಗೌಡರ ಶ್ರಮದಿಂದ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾಗಿ ಬೆಳೆದು, ಅದರ ಕ್ಷೇತ್ರ ಮತ್ತು ನರ್ಸರಿಗಳ ಜಾಲ ರಾಜ್ಯದ ಉದ್ದಗಲಕ್ಕೂ ಹರಡಿತು.

ಬೀದಿ, ಗುಡಿ, ಅಂಗಳ

ಅಗಲವಾಗಿ ಕೊಂಬೆ ಚಾಚುವ ಮಳೆಮರ ದಕ್ಷಿಣ ಅಮೆರಿಕದ್ದು. ಸಂಜೆಗೂ ಮೋಡ ಕವಿದಾಗಲೂ ಎಲೆ ಮಡಿಸುತ್ತದೆ. ಅದರ ಸಿಹಿ ಕಾಯನ್ನು ದನಗಳು ಇಷ್ಟಪಟ್ಟು ಮೇಯುತ್ತವೆ. ಬೇಗ ಬೆಳೆದು ಅಂಗಡಿ, ಮನೆಗಳ ಮುಂದೆ ನೆರಳು ಕೊಡುವ ಗಸಗಸೆ ಮರವೂ ಅಮೆರಿಕದಿಂದ ಬಂದದ್ದೇ. ಹಕ್ಕಿ, ಅಳಿಲು, ಬಾವಲಿಗಳು ಅದರ ಹಣ್ಣು ತಿಂದು ಬೀಜ ಹರಡುತ್ತವೆ. ಉದ್ದ ತೊಟ್ಟಿನ ಬಿಳಿ ಹೂವನ್ನು ಬೆಳಗಿನ ಜಾವ ನೆಲಕ್ಕೆ ಸುರಿಸುವ ಆಕಾಶಮಲ್ಲಿಗೆಯ ಮೂಲ ಬರ್ಮಾ ಮತ್ತು ಅದರಾಚೆಯ ಆಗ್ನೇಯ ಏಷ್ಯಾ.

ಗಯಾನಾ ಸೀಮೆಯ ನಾಗಲಿಂಗ ಮರಕ್ಕೆ ಸಿಕ್ಕ ಗೌರವ ದೊಡ್ಡದು. ಕಾಂಡದ ಮೇಲೆಯೇ ಗೊಂಚಲಾಗಿ ಅರಳುವ ಅದರ ಹೂವಿನಲ್ಲಿ ಕೇಸರಗಳು ಹೆಡೆಯಾಗಿ ಬಾಗಿ, ನಡುವಿನ ಅಂಡಾಶಯವನ್ನು ಮುಚ್ಚಿರುತ್ತವೆ. ಭಕ್ತರು ಅದರಲ್ಲಿ ಶಿವಲಿಂಗವನ್ನು ಕಂಡರು. ಹೀಗೆ ಅಮೆಜಾನ್ ಕಾಡಿನ ಮರ ಕನ್ನಡನಾಡಿನ ಶಿವಾಲಯಗಳ ಮರವಾಯಿತು.

ಮಡಗಾಸ್ಕರ್‌ನ ನಿತ್ಯಪುಷ್ಪ ನೀರಿಲ್ಲದ ನೆಲದಲ್ಲೂ ಅರಳುತ್ತದೆ. ಅದರಲ್ಲಿ ದೊರೆತ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್‌ಗಳು 1960ರ ದಶಕದಿಂದ ಕ್ಯಾನ್ಸರ್ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದವು. ಪೂಜೆಗೆ ಬಳಸುವ ಹಳದಿ ಕಣಗಿಲೆಯ ಬೀಜ ಮಾತ್ರ ಹೃದಯದ ಬಡಿತವನ್ನೇ ಕೆಡಿಸಬಲ್ಲ ವಿಷ. ಮಕ್ಕಳಿರುವ ಮನೆ, ಶಾಲೆಗಳಲ್ಲಿ ಈ ಎಚ್ಚರ ಅಗತ್ಯ.

ತೋಟದೊಳಗೆ

ತೆಂಗಿನ ತೋಟಕ್ಕೆ ಅತ್ಯಂತ ಉಪಯುಕ್ತವಾದ ಹೊರನಾಡ ಹೂಗಿಡ ಗೊಬ್ಬರದ ಗಿಡವೆಂದು ಕರೆಯುವ ಗ್ಲಿರಿಸಿಡಿಯ. ಮೆಕ್ಸಿಕೊ, ಮಧ್ಯ ಅಮೆರಿಕಗಳ ಈ ಗಿಡ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಬದುವಿನಲ್ಲಿ ಕೊಂಬೆ ಊರಿದರೆ ಚಿಗುರುತ್ತದೆ. ಸೊಪ್ಪನ್ನು ಕಡಿದು ತೆಂಗಿನ ಬುಡಕ್ಕೆ ಹಾಕಿದರೆ ಮಣ್ಣಿನ ತೇವ ಉಳಿದು, ಕೊಳೆತು ಗೊಬ್ಬರವಾಗುತ್ತದೆ. ಚಳಿ ಮುಗಿಯುವ ಹೊತ್ತಿಗೆ ಎಲೆಯುದುರಿದ ಕೊಂಬೆಗಳ ತುಂಬ ನಸುಗೆಂಪು ಹೂ ಬಿಡುತ್ತದೆ, ಜೇನಿಗೆ ಮೇವಾಗುತ್ತದೆ.

ಹೊರೆಯಾದವು

ಹೂವಿನ ಚೆಂದಕ್ಕೆಂದು 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ತೋಟಕ್ಕೆ ಬಂದ ಲಂಟಾನ ಇಂದು ರಾಜ್ಯದ ಕಾಡುಗಳನ್ನು ಹೊಕ್ಕು, ಹುಲ್ಲು ಮತ್ತು ನಾಟಿ ಗಿಡಗಳನ್ನು ಅಡಗಿಸಿದೆ. ಅದರ ಎಲೆ ತಿಂದ ದನಗಳಿಗೆ ಯಕೃತ್ತು ಕೆಡುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಿರುವುದು ಹೊರೆಯನ್ನು ಬದುಕಿಗೆ ತಿರುಗಿಸಿದ ಶ್ಲಾಘನೀಯ ಪ್ರಯತ್ನ. ಬಳ್ಳಾರಿ ಜಾಲಿ ಒಣಗಿದ ಕೆರೆಗಳ ಅಂಗಳವನ್ನೇ ಹಿಡಿದಿದೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಗಳಲ್ಲಿ ಬಯಲುಸೀಮೆಯಲ್ಲಿ ಹಬ್ಬಿದ ಆಸ್ಟ್ರೇಲಿಯದ ನೀಲಗಿರಿಯ ಹೊಸ ನೆಡುವಿಕೆಯನ್ನು ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು.

ಇಂದಿನ ಸ್ಥಿತಿ

ಗುಲ್‌ಮೊಹರ್‌ನ ಬೇರು ಮೇಲ್ಮಟ್ಟದಲ್ಲೇ ಹರಡುತ್ತದೆ, ಕೊಂಬೆ ಬೇಗ ಮುರಿಯುತ್ತದೆ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಅದು ಉರುಳುವುದು ಸಾಮಾನ್ಯ. ಆದ್ದರಿಂದ ಇಕ್ಕಟ್ಟಾದ ಬೀದಿಗಿಂತ ವಿಶಾಲ ಮೈದಾನಕ್ಕೆ ಅದು ಸೂಕ್ತ. ರಸ್ತೆ ಅಗಲವಾದಂತೆ ಹಳೆಯ ಸಾಲುಮರಗಳು ಕಳೆದುಹೋಗುತ್ತಿವೆ. ಅವುಗಳ ಜಾಗದಲ್ಲಿ ಹೊಂಗೆ, ಬೇವು, ನೇರಳೆ, ಮತ್ತಿಗಳಿಗೆ ಮೊದಲ ಸ್ಥಾನ ಸಲ್ಲಬೇಕು. ಅವುಗಳೊಡನೆ, ಊರಿಗೆ ಒಗ್ಗಿ ಹರಡದೆ ನಿಂತಿರುವ ಪರದೇಶೀ ಹಿರಿಯ ಮರಗಳನ್ನೂ ಉಳಿಸಿಕೊಳ್ಳುವುದು ನ್ಯಾಯ. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯೂ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಯಾವ ಮರ ಯಾವ ಕಾಲದಲ್ಲಿ ಯಾರ ಕೈಯಿಂದ ಊರಿಗೆ ಬಂತು ಎಂಬ ಹಿರಿಯರ ನೆನಪನ್ನು ಆ ಪುಟಗಳಲ್ಲಿ ಈಗಲೇ ಬರೆದಿಡಬೇಕು. ಬೀದಿಯ ಮರಗಳ ವಿಷಯದಲ್ಲಿ ಸಣ್ಣ ಊರುಗಳ ಚರಿತ್ರೆಗೆ ಅದಕ್ಕಿಂತ ದೊಡ್ಡ ಆಧಾರ ಬೇರೆ ಇಲ್ಲ.